ಮಷೀನ್ ಮಾರುವುದಿದೆ

ಪ್ರತಿ ವರ್ಷ ಆಷಾಢದ ಹೊತ್ತಿಗೆ ನನಗೆ ಬರುವ ಫೋನ್ ಕರೆಗಳಲ್ಲಿ ಒಂದೆರಡಾದರೂ ಒಂದೇ ಧಾಟಿಯವಾಗಿರುತ್ತವೆ. "ಅಕ್ಕೋರೆ, ಮಷೀನ್ ಮಾರೋದದರಿ. ಯಾರರ ತಗೊಳ್ಳೋರು ಇದ್ರ ಹೇಳ್ರಿ" ಎಂದು ಆ ಕಡೆಯ ದನಿ ಸಂಕೋಚಪಡುತ್ತಲೇ ಕೇಳುತ್ತದೆ. ಕರೆ ಮಾಡುವವರು ಹೊಲಿಗೆ ತರಬೇತಿಯಲ್ಲಿ ನನ್ನ ಹತ್ತಿರ ಕಲಿತು ಹೋದ ಹೆಣ್ಣುಮಕ್ಕಳು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿಕೊಂಡವರು. ಲಗ್ನದ ಹಂಗಾಮು ಮುಗಿದು, ಶ್ರಾವಣ ಇನ್ನೂ ಬಾರದೆ, ಕೈಯಲ್ಲಿ ಕೆಲಸವಿಲ್ಲದ ಆ ತಿಂಗಳಲ್ಲಿ ಮನೆಯ ಮೂಲೆಯಲ್ಲಿ ಹಳೆಯ ಚಾದರ ಹೊದ್ದು ನಿಂತ ಮಷೀನು ಎಲ್ಲರ ಕಣ್ಣಿಗೂ ಬೀಳತೊಡಗುತ್ತದೆ. ಮೊದಲು ಅತ್ತೆ ಕೇಳುತ್ತಾಳೆ, ಆಮೇಲೆ ಗಂಡ ಕೇಳುತ್ತಾನೆ, ಕೊನೆಗೆ ಆಕೆಗೂ ಹೌದೆನ್ನಿಸಿ ನನಗೆ ಫೋನ್ ಮಾಡುತ್ತಾಳೆ.

ಈ ವರ್ಷದ ಕರೆ ಸೇಡಂ ತಾಲೂಕಿನ ಒಂದು ಹಳ್ಳಿಯಿಂದ ಬಂದಿತ್ತು. ಎರಡು ವರ್ಷದ ಹಿಂದಿನ ತಂಡದಲ್ಲಿದ್ದ, ಯಾವಾಗಲೂ ಕಿಟಕಿಯ ಪಕ್ಕದ ಮಷೀನನ್ನೇ ಹಿಡಿಯುತ್ತಿದ್ದ ಹುಡುಗಿ. "ಮಷೀನ್ ಕೆಟ್ಟದರಿ ಅಕ್ಕೋರೆ, ಹೊಲಗಿ ಬಿಡ್ಲತ್ತದ" ಎಂದಳು. ಮಾರುವುದಿದ್ದರೆ ಮಾರೋಣ, ಅದಕ್ಕೂ ಮೊದಲು ಮೇಲಿನ ಭಾಗವನ್ನಷ್ಟೇ ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಬಾ ಎಂದು ಹೇಳಿದೆ. ಆಕೆ ಬರುವವರೆಗಿನ ಮೂರು ದಿನ ತಲೆಯಲ್ಲಿ ಓಡಾಡಿದ ವಿಚಾರಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಂಗಡಿ ಕಲಬುರಗಿಯ ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿಯೊಂದರಲ್ಲಿದೆ. ಹತ್ತಡಿ ಅಗಲ, ಹದಿನೈದಡಿ ಉದ್ದ. ಅಲ್ಲಿ ಮೂರು ಮಷೀನು, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್, ಕತ್ತರಿಸಲು ಒಂದು ಎತ್ತರದ ಮೇಜು ಇವೆ. ವರ್ಷದಲ್ಲಿ ಎರಡು ಮೂರು ಸಲ ತರಬೇತಿ ತಂಡಗಳಿಗೆ ಅತಿಥಿ ಶಿಕ್ಷಕಿಯಾಗಿ ಹೋಗುತ್ತೇನೆ. ನಾನೂ ಇಂಥದೇ ಒಂದು ತರಬೇತಿಯಿಂದ ಬಂದವಳು. ಇಪ್ಪತ್ತು ವರ್ಷಗಳ ಹಿಂದೆ ನಾನು ಕಲಿತ ಕೇಂದ್ರದಲ್ಲಿ ಮೂವತ್ತು ಮಂದಿಗೆ ಹನ್ನೆರಡು ಮಷೀನುಗಳಿದ್ದವು, ಅವುಗಳಲ್ಲಿ ಎರಡಕ್ಕೆ ಬೆಲ್ಟೇ ಇರಲಿಲ್ಲ. ಒಂದು ತಿಂಗಳ ತರಬೇತಿಯಲ್ಲಿ ನಾವು ಕತ್ತರಿಸಿದ್ದು ಹಳೆಯ ದಿನಪತ್ರಿಕೆ ಮತ್ತು ಖಾಕಿ ಕಾಗದವನ್ನು ಮಾತ್ರ. ನಿಜವಾದ ಬಟ್ಟೆ ಬಂದಾಗ ಕಲಿಸುವವರೇ ಕತ್ತರಿಸಿ ಕೊಡುತ್ತಿದ್ದರು, ನಾವು ಗುರುತಿನ ಮೇಲೆ ಹೊಲಿಗೆ ಓಡಿಸುತ್ತಿದ್ದೆವು. ಬಟ್ಟೆ ಹಾಳಾಗುತ್ತದೆ ಎಂಬುದು ಅವರ ಕಾರಣವಾಗಿತ್ತು. ಆ ಕಾರಣ ಸುಳ್ಳೇನಲ್ಲ. ಆದರೆ ಅಲ್ಲಿ ಉಳಿದ ಬಟ್ಟೆಯನ್ನು ನಾವು ಮುಂದೆ ಗಿರಾಕಿಗಳ ಮನೆಯಲ್ಲಿ ಹಾಳು ಮಾಡಿದೆವು.

ನಾನು ಹಾಳು ಮಾಡಿದ ಮೊದಲ ಬಟ್ಟೆ ನಮ್ಮ ಓಣಿಯ ಚಿಗವ್ವನೊಬ್ಬಳ ಹಸಿರು ಜಂಪರ್ (ರವಿಕೆ) ಪೀಸು. ಮಗಳ ಸೀಮಂತಕ್ಕೆಂದು ತಂದದ್ದು, ಒಳ್ಳೆಯ ಬಟ್ಟೆ. ಅಸ್ತರಿಗೆ, ಅಂದರೆ ಒಳಪದರಕ್ಕೆ, ಹೊಸ ಕಾಟನ್ ಬಟ್ಟೆ ತಂದು, ಕತ್ತರಿಸಿ, ಹೊಲಿದು ಕೊಟ್ಟೆ. ಮೈಗೆ ಕೂಡಿಸಿದ ಹಾಗೆ ಕೂತಿತು, ಹೊಗಳಿದರು. ಹದಿನೈದು ದಿನದ ನಂತರ ಒಗೆದಾಗ ಒಳಗಿನ ಅಸ್ತರು ಕುಗ್ಗಿತು, ಮೇಲಿನ ಬಟ್ಟೆ ಕುಗ್ಗಲಿಲ್ಲ; ಇಡೀ ಜಂಪರ್ ಹಪ್ಪಳದಂತೆ ಸುಕ್ಕುಗಟ್ಟಿ ನಿಂತಿತು. ಹೊಸ ಕಾಟನ್ ಅಸ್ತರನ್ನು ಕತ್ತರಿಸುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕೆಂಬ ಒಂದು ಸಾಲಿನ ಪಾಠವನ್ನು ಆ ಒಂದು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ. ಚಿಗವ್ವ ಬೈಯಲಿಲ್ಲ. ಆದರೆ ಆ ಮೇಲೆ ಆ ಮನೆಯಿಂದ ಒಂದು ಪೆಟಿಕೋಟೂ ನನ್ನ ಮನೆಗೆ ಬರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕತ್ತರಿ ಹಿಡಿಯುವುದನ್ನು ನಾನು ಕಲಿತದ್ದು ಕಪಡಾ ಬಜಾರದ ಒಬ್ಬ ಹಿರಿಯ ಮಾಸ್ತರರ ಹತ್ತಿರ. ಶೇರವಾನಿ ಮತ್ತು ಪಠಾಣಿ ಹೊಲಿಯುವುದರಲ್ಲಿ ಅವರಿಗೆ ಹೆಸರಿತ್ತು. ಹೆಂಗಸರ ಬಟ್ಟೆ ಅವರು ಮುಟ್ಟುತ್ತಿರಲಿಲ್ಲ. ಆದರೂ ಕೂತು ನೋಡು ಎಂದು ಜಾಗ ಕೊಟ್ಟರು. "ಸಿಲಾಯಿ ತೋ ಮಷೀನ್ ಕರ್ತೀ ಬೇಟಿ, ಕಟಾಯಿ ಆದ್ಮಿ ಕರ್ತಾ" ಎಂದು ಅವರು ಹೇಳುತ್ತಿದ್ದರು. ಹೊಲಿಯುವುದು ಮಷೀನಿನ ಕೆಲಸ, ಕತ್ತರಿಸುವುದು ಮನುಷ್ಯನ ಕೆಲಸ ಎಂಬ ಅವರ ಮಾತಿನ ತೂಕ ನನಗೆ ತಿಳಿಯಲು ಎಂಟು ತಿಂಗಳು ಹಿಡಿಯಿತು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ ಕೂಡಲೇ ಅವರು ಕತ್ತರಿ ತೆಗೆಯುತ್ತಿರಲಿಲ್ಲ. ಮೊದಲು ಅಂಚಿನ ಒಂದು ದಾರವನ್ನು ಎಳೆದು ಉದ್ದಕ್ಕೆ ಹೋಗುವ ಹಾಸು ಯಾವುದು, ಅಡ್ಡಕ್ಕೆ ಹೋಗುವ ಹೊಕ್ಕು ಯಾವುದು ಎಂದು ನೋಡುತ್ತಿದ್ದರು. ಬಟ್ಟೆಯನ್ನು ಎರಡೂ ಕಡೆ ಮೆಲ್ಲನೆ ಜಗ್ಗಿ ಯಾವ ಕಡೆ ಹೆಚ್ಚು ಹಿಗ್ಗುತ್ತದೆ ಎಂದು ಬೆರಳಿನಿಂದಲೇ ಅಳೆಯುತ್ತಿದ್ದರು. ನಮ್ಮ ಕನ್ನಡದಲ್ಲಿ 'ಹಾಸುಹೊಕ್ಕು' ಎಂಬ ಮಾತನ್ನು ಎಷ್ಟೋ ಕಡೆ ಬಳಸುತ್ತೇವೆ. ಅದು ನಿಜವಾಗಿ ಎಲ್ಲಿ ಬೇಕೋ ಆ ತರಬೇತಿ ಕೊಠಡಿಗಳಲ್ಲಿ ಮಾತ್ರ ಕಿವಿಗೆ ಬೀಳುವುದು ಕಡಿಮೆ. ಹಾಸಿನ ದಾರ ಉದ್ದಕ್ಕೆ ನೇರವಾಗಿ ಬಾರದಂತೆ ಕತ್ತರಿಸಿದ ಜಂಪರಿನ ಪಕ್ಕದ ಹೊಲಿಗೆ ನಾಲ್ಕು ಸಲ ಒಗೆಯುವುದರೊಳಗೆ ಹೊಟ್ಟೆಯ ಕಡೆಗೆ ತಿರುಚಿಕೊಳ್ಳುತ್ತದೆ. ಗಿರಾಕಿಗೆ ಕಾರಣ ತಿಳಿಯುವುದಿಲ್ಲ, ಹೊಲಿದವಳಿಗೂ ತಿಳಿಯುವುದಿಲ್ಲ. ಆ ಕೈ ಸರಿಯಿಲ್ಲ ಎಂಬ ಮಾತು ಮಾತ್ರ ಓಣಿಯಲ್ಲಿ ಉಳಿಯುತ್ತದೆ.

ಈಗ ನಾನು ಕಲಿಸುವಾಗ ಮೂರನೆಯ ದಿನಕ್ಕೇ ಪ್ರತಿಯೊಬ್ಬರ ಕೈಗೂ ಬಟ್ಟೆ ಮತ್ತು ಕತ್ತರಿ ಕೊಡುತ್ತೇನೆ. ಮನೆಯಿಂದ ಹಳೆಯ ಕಾಟನ್ ಸೀರೆ ತನ್ನಿರಿ ಎನ್ನುತ್ತೇನೆ. ಒಂದು ಸೀರೆಯಲ್ಲಿ ಐದಾರು ಜಂಪರುಗಳ ತಪ್ಪು ಮಾಡಬಹುದು. ಎದೆಸುತ್ತಳತೆ 36 ಇಂಚು ಇದ್ದರೆ ಅದರ ಕಾಲುಭಾಗ 9 ಇಂಚು. ಅದಕ್ಕೆ ಸಡಿಲಕ್ಕೆಂದು ಅರ್ಧ ಇಂಚು, ಒಳಗೆ ಬಿಡುವ ಅಂಚಿಗೆ ಒಂದೂವರೆ ಇಂಚು ಸೇರಿದರೆ 11. ಈ ಲೆಕ್ಕವನ್ನು ಬಾಯಿಪಾಠ ಮಾಡಿದವರೂ ಚಾಕ್ ಹಿಡಿದಾಗ 9ಕ್ಕೇ ಗೆರೆ ಎಳೆದುಬಿಡುತ್ತಾರೆ. ಕಳೆದ ತಂಡದಲ್ಲಿ ಜೇವರ್ಗಿ ಕಡೆಯ ಒಬ್ಬ ಹುಡುಗಿ ಗೆರೆ ಎಳೆದು ಮುಗಿಸಿ, ಕತ್ತರಿಯ ಬಾಯಿ ತೆರೆದು ಬಟ್ಟೆಯ ಅಂಚಿಗೆ ತಾಗಿಸಿ, ಹತ್ತು ನಿಮಿಷ ಹಾಗೆಯೇ ನಿಂತಿದ್ದಳು. ಕೈ ನಡುಗುತ್ತಿತ್ತು. ಅದು ಆಕೆಯ ತಾಯಿಯ ಸೀರೆ. ನಾನು ಏನೂ ಹೇಳಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಒಂದೇ ಸಲ ಕತ್ತರಿಸಿಬಿಟ್ಟಳು, ಗೆರೆ ಬಿಟ್ಟು ಅರ್ಧ ಇಂಚು ಒಳಗೆ. ಒಂದೂವರೆ ಇಂಚು ಅಂಚನ್ನು ಯಾಕೆ ಬಿಡುತ್ತೇವೆ ಎಂಬ ಪಾಠ ಆ ದಿನ ಇಡೀ ತಂಡಕ್ಕೆ ಆಯಿತು. ಬಾಣಂತನದ ನಂತರ ಮೈ ತುಂಬಿಕೊಂಡ ಹೆಣ್ಣುಮಗಳ ಅದೇ ಜಂಪರನ್ನು ಬಿಚ್ಚಿ ಸಡಿಲ ಮಾಡಲು ಬರುವುದೂ ಆ ಅಂಚಿನಿಂದಲೇ.

ಫ್ಯಾಶನ್ ಡಿಸೈನಿಂಗ್ ಎಂಬ ಹೆಸರು ಕೇಳಿದೊಡನೆ ಬಣ್ಣದ ಪೆನ್ಸಿಲ್ಲು, ಹನ್ನೆರಡು ತಲೆಯಷ್ಟು ಎತ್ತರದ ತೆಳ್ಳಗಿನ ಗೊಂಬೆಗಳ ಚಿತ್ರ ಇವೇ ಹುಡುಗಿಯರ ಕಣ್ಣಮುಂದೆ ಬರುತ್ತವೆ. ಚಿತ್ರ ಬರೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬರುವ ಹೆಂಗಸರಲ್ಲಿ ಆ ಗೊಂಬೆಯಂಥವರನ್ನು ನಾನು ಕಂಡಿಲ್ಲ. ತೊಗರಿ ಕಳೆ ತೆಗೆಯುತ್ತ, ಹತ್ತಿ ಬಿಡಿಸುತ್ತ ಮೂವತ್ತು ವರ್ಷ ಬಾಗಿದ ಬೆನ್ನಿನವರು ಬರುತ್ತಾರೆ. ಅಂಥವರಿಗೆ ಹಿಂಭಾಗದ ಉದ್ದವನ್ನು ಕತ್ತಿನ ಮೂಳೆಯಿಂದ ಬೆನ್ನಿನ ಗೂನಿನ ಮೇಲೆ ಟೇಪು ಹಾಯಿಸಿಯೇ ಅಳೆಯಬೇಕು; ಮುಂಭಾಗದ ಉದ್ದವನ್ನೇ ಹಿಂದಕ್ಕೂ ಇಟ್ಟರೆ ಬೆನ್ನ ಹಿಂದೆ ಜಂಪರ್ ಮೇಲೇರಿ, ಕತ್ತಿನ ಹತ್ತಿರ ಗಂಟಲು ಹಿಡಿಯುತ್ತದೆ. ಕೈ ಮೇಲೆತ್ತಿ ಕೆಲಸ ಮಾಡುವವರಿಗೆ ಕಂಕುಳಿನಲ್ಲಿ ಒಂದು ಚೌಕದ ತುಂಡು ಕೂಡಿಸಿದರೆ ಹೊಲಿಗೆ ಹರಿಯುವುದಿಲ್ಲ. ಇದೂ ಡಿಸೈನೇ. ಇದರ ಜೊತೆಗೆ ಲಗ್ನದ ಜಂಪರಿಗೆ ಪ್ರಿನ್ಸೆಸ್ ಕಟ್, ಬೆನ್ನಿಗೆ ಆರಿ ಎಂಬ ಕೊಕ್ಕೆಸೂಜಿಯ ಕಸೂತಿ ಕೆಲಸ, ಸೆರಗಿಗೆ ಕುಚ್ಚು ಇವೂ ಬೇಕು, ಏಕೆಂದರೆ ದುಡ್ಡು ಹೆಚ್ಚು ಬರುವುದು ಅವುಗಳಿಂದ. ಮದುಮಗಳ ಒಂದು ಆರಿ ಜಂಪರಿನ ಕೂಲಿಯಲ್ಲಿ ಹತ್ತು ಸಾದಾ ಜಂಪರಿನ ದುಡ್ಡು ಬರುವುದುಂಟು; ಆದರೆ ಮದುಮಗಳು ವರ್ಷಕ್ಕೆ ನಾಲ್ಕು ತಿಂಗಳು ಬರುತ್ತಾಳೆ, ಬೆನ್ನು ಬಾಗಿದವರು ಹನ್ನೆರಡು ತಿಂಗಳೂ ಬರುತ್ತಾರೆ.

ನಮ್ಮ ಭಾಗದಲ್ಲಿ ಲಂಬಾಣಿ ತಾಂಡಾಗಳು ಬಹಳ. ಅಲ್ಲಿಯ ಅಜ್ಜಿಯಂದಿರು ತೊಡುವ ಕಾಂಚಳಿ (ರವಿಕೆ), ಫೇಟಿಯಾ (ಲಂಗ)ಗಳ ಮೇಲಿನ ಕನ್ನಡಿ ಮತ್ತು ದಾರದ ಕೆಲಸವನ್ನು ನೋಡಿದವರಿಗೆ ಬಣ್ಣದ ಹೊಂದಾಣಿಕೆಯ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅಲ್ಲಿ ಅದು ನೂರಾರು ಕೈಗಳಿಗೆ ಕೆಲಸ ಕೊಟ್ಟ ಕಸುಬಾಗಿ ನಿಂತಿದೆ. ನಮ್ಮಲ್ಲಿ ತರಬೇತಿಗೆ ಬರುವ ತಾಂಡಾದ ಹುಡುಗಿಯರು ಅಜ್ಜಿಯ ಹೊಲಿಗೆಯನ್ನು ಮನೆಯಲ್ಲೇ ಬಿಟ್ಟು, ಕಂಪ್ಯೂಟರ್ ಮಷೀನಿನ ಅಗ್ಗದ ಹೂಬಳ್ಳಿಯನ್ನು ಹೊಲಿಸಿಕೊಳ್ಳಲು ದುಡ್ಡು ಕೊಡುತ್ತಾರೆ. ಒಮ್ಮೆ ಒಬ್ಬಳಿಗೆ ಅಜ್ಜಿಯನ್ನೇ ಒಂದು ದಿನ ತರಗತಿಗೆ ಕರೆದುಕೊಂಡು ಬಾ ಎಂದೆ. ಅಜ್ಜಿ ಬಂದಳು, ನೆಲದ ಮೇಲೆ ಕಾಲು ಚಾಚಿ ಕೂತಳು, ಗುರುತು ಹಾಕದೆ, ಅಳತೆ ಮಾಡದೆ ಒಂದು ಸಾಲು ಹೊಲಿದು ತೋರಿಸಿದಳು. ಅಳೆದು ನೋಡಿದರೆ ಹೊಲಿಗೆಗಳ ನಡುವಿನ ಅಂತರ ಎಲ್ಲಿಯೂ ತಪ್ಪಿರಲಿಲ್ಲ. ಮೊಮ್ಮಗಳಿಗೆ ಆ ದಿನ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆದಂತೆ ಕಂಡಿತು. ಕೌದಿಯ ಮಾತೂ ಹೀಗೆಯೇ. ಕತ್ತರಿಸಿ ಉಳಿದ ತುಂಡುಗಳನ್ನು ನಾನು ಎಸೆಯುವುದಿಲ್ಲ, ಚೀಲದಲ್ಲಿ ತುಂಬಿಡುತ್ತೇನೆ. ಕೆಲಸವಿಲ್ಲದ ಆಷಾಢದಲ್ಲಿ ಅವೇ ಕೂಸಿನ ಕೌದಿಗಳಾಗುತ್ತವೆ, ಪೇಟೆಯ ಮಂದಿ ಕೇಳಿದ ಬೆಲೆಗೆ ಕೊಳ್ಳುತ್ತಾರೆ.

ಇನ್ನು ದುಡ್ಡಿನ ಮಾತು. ನಾನು ಕಂಡ ಹೆಚ್ಚಿನ ತರಬೇತಿಗಳಲ್ಲಿ ಇದಕ್ಕೆ ಒಂದು ಮಧ್ಯಾಹ್ನವನ್ನೂ ಕೊಡುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಅಸ್ತರಿನ ಒಂದು ಜಂಪರಿಗೆ ನಾನು ಈಗ 350 ರೂಪಾಯಿ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಅಸ್ತರು 65 ರೂಪಾಯಿ. ದಾರ, ಹುಕ್ಕು, ಕತ್ತಿನ ಪಟ್ಟಿ, ವಿದ್ಯುತ್ ಎಲ್ಲ ಸೇರಿ 30. ಉಳಿಯುವುದು 255. ಅಳತೆ ತೆಗೆದು ಕತ್ತರಿಸಲು ಅರ್ಧ ತಾಸು, ಹೊಲಿಯಲು ಎರಡು ತಾಸು, ತುರಪಾಯಿ (ಅಂಚಿನ ಕೈಹೊಲಿಗೆ) ಮತ್ತು ಹುಕ್ಕಿಗೆ ಅರ್ಧ ತಾಸು ಎಂದು ಹಿಡಿದರೆ ಮೂರು ತಾಸು. ಅಂದರೆ ತಾಸಿಗೆ 85 ರೂಪಾಯಿ. ಇದರಲ್ಲಿ ಅಂಗಡಿಯ ಬಾಡಿಗೆ ಇನ್ನೂ ಕಳೆದಿಲ್ಲ. ಈಗ ಹಳ್ಳಿಯ ಹುಡುಗಿ 120 ರೂಪಾಯಿಗೆ ಇದೇ ಜಂಪರ್ ಹೊಲಿದು ಕೊಟ್ಟರೆ ಆಕೆಗೆ ಉಳಿಯುವುದು 25. ಹೊಸ ಕೈಯಾದ್ದರಿಂದ ಮೂರು ತಾಸಿನ ಬದಲು ಐದು ತಾಸು ಹಿಡಿಯುತ್ತದೆ, ಅಲ್ಲಿಗೆ ತಾಸಿಗೆ 5 ರೂಪಾಯಿ ಆಯಿತು. ಹೊಲದ ಕೂಲಿಯೇ ಲೇಸು ಎಂದು ಆಕೆ ಮಷೀನು ಮಾರಲು ಹೊರಟರೆ ಅದರಲ್ಲಿ ಸೋಮಾರಿತನವೂ ಇಲ್ಲ, ಅವಿವೇಕವೂ ಇಲ್ಲ. ಆಕೆಯ ಲೆಕ್ಕ ಸರಿಯಾಗಿಯೇ ಇದೆ.

ಬೆಲೆ ಹೇಳಲು ನಾಚಿಕೆ ಯಾಕೆ ಎಂದು ಕೇಳಿದರೆ, "ನಮ್ಮವರೇ ಅಲ್ರಿ ಅಕ್ಕೋರೆ, ಹೆಂಗ ಕೇಳೋದು" ಎನ್ನುತ್ತಾರೆ. ಅತ್ತಿಗೆ, ನೆಗೆಣ್ಣಿ, ಪಕ್ಕದ ಮನೆಯ ಅವ್ವ, ಎಲ್ಲರೂ ನಮ್ಮವರೇ. ಕಾಯಕಕ್ಕೆ ಮರ್ಯಾದೆ ತಂದುಕೊಟ್ಟ ಶರಣರ ನೆಲ ಇದು. ಬಸವಕಲ್ಯಾಣ ಇಲ್ಲಿಂದ ಎಷ್ಟು ದೂರ? ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರ ತನ್ನ ಸೂಜಿಯ ಕೆಲಸವನ್ನು ಹೆಸರಿನಲ್ಲೇ ಹೊತ್ತವನು. ನೇಯ್ಗೆಯ ಜೇಡರ ದಾಸಿಮಯ್ಯ ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನವನು. ಅವರು ಬಟ್ಟೆಯನ್ನು ಪುಕ್ಕಟೆ ಹಂಚಿ ಬದುಕಿರಲಾರರು ಎಂದು ನಾನು ತರಗತಿಯಲ್ಲಿ ಹೇಳಿದರೆ ಹುಡುಗಿಯರು ನಗುತ್ತಾರೆ. ನಕ್ಕ ಮೇಲೆ ಒಂದು ರಟ್ಟಿನ ಮೇಲೆ ದರಪಟ್ಟಿ ಬರೆಸುತ್ತೇನೆ. ಬಾಯಿಂದ ಹೇಳಲಾಗದ ಬೆಲೆಯನ್ನು ಗೋಡೆಯ ಮೇಲಿನ ರಟ್ಟು ಹೇಳುತ್ತದೆ. ಜೊತೆಗೆ ಯಾವ ದಿನ ಕೊಡುತ್ತೇನೆ ಎಂಬ ತಾರೀಖನ್ನು ಬರೆದ ಚೀಟಿಯೊಂದನ್ನು ಗಿರಾಕಿಯ ಕೈಗೆ ಕೊಡಬೇಕು.

ಎಲ್ಲಿ ಕಲಿಯಬೇಕು ಎಂದು ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯಲ್ಲಿ ಈಗ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಊಟ, ವಸತಿ ಸಹಿತ ಸುಮಾರು 30 ದಿನಗಳ ಮಹಿಳಾ ಟೈಲರಿಂಗ್ ತರಬೇತಿ ಉಚಿತವಾಗಿ ಸಿಗುತ್ತದೆ, ತರಬೇತಿಯ ನಂತರ ಎರಡು ವರ್ಷ ಬೆನ್ನಿಗೆ ನಿಲ್ಲುವ ವ್ಯವಸ್ಥೆಯೂ ಇದೆ. ನನ್ನ ಅಭಿಪ್ರಾಯದಲ್ಲಿ ಆ 30 ದಿನಗಳಿಗಿಂತ ಈ ಎರಡು ವರ್ಷವೇ ಹೆಚ್ಚಿನದು. ಹೋಗಿ ಕೇಳುವವರು ಅದನ್ನು ಕೇಳಿ ಪಡೆಯಬೇಕು. ಐಟಿಐಗಳಲ್ಲಿ ಒಂದು ವರ್ಷದ ಹೊಲಿಗೆ ತಂತ್ರಜ್ಞಾನ, ಒಂದು ವರ್ಷದ ಫ್ಯಾಶನ್ ಡಿಸೈನ್ ತಂತ್ರಜ್ಞಾನ ಇವೆ. ರಾಜ್ಯದ ಕೆಲವು ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷದ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ. ವರ್ಷ ಕೊಡಲು ಸಾಧ್ಯವಿದ್ದವರು ವರ್ಷ ಕೊಡುವುದು ಒಳ್ಳೆಯದು. ತಿಂಗಳಿಗೇ ಮುಗಿಸಬೇಕಾದವರು ಅದರ ನಂತರ ಆರು ತಿಂಗಳು ಯಾವುದಾದರೂ ನಡೆಯುವ ಅಂಗಡಿಯಲ್ಲಿ ಹುಕ್ಕು ಹಚ್ಚುತ್ತಲಾದರೂ ಕೂರಬೇಕು. ಗಿರಾಕಿ ಸಿಟ್ಟಾಗಿ ಬಂದಾಗ ಅಂಗಡಿಯವಳು ಏನು ಮಾಡುತ್ತಾಳೆ ಎಂಬುದನ್ನು ಯಾವ ಪಠ್ಯಕ್ರಮದಲ್ಲಿಯೂ ನಾನು ನೋಡಿಲ್ಲ.

ಸೆಪ್ಟೆಂಬರ್ 17, 2023ರಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಒಂದು. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ ಸಿಗುತ್ತದೆ. ಇದು ಈಗಾಗಲೇ ಕಸುಬಿನಲ್ಲಿರುವವರಿಗೆ ಮಾಡಿದ ಯೋಜನೆ. ನಿಜವಾಗಿ ಹೊಲಿಯುವ ಕೈಗೆ ಅದು ಬಹಳ ದೊಡ್ಡ ಆಸರೆ. ಮಷೀನು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹೆಸರು ಬರೆಸಿದವರ ಮಷೀನುಗಳು ಆಷಾಢದಲ್ಲಿ ನನ್ನ ಫೋನಿಗೆ ಬರುತ್ತವೆ. ಮಷೀನ್ ಕೊಳ್ಳುವಾಗಲೂ ಕೇಳಿಕೊಳ್ಳಬೇಕಾದ ವಿಷಯಗಳಿವೆ. ಕಾರ್ಖಾನೆಯ ಜೂಕಿ ಮಾದರಿಯ ಮಷೀನು ನಿಮಿಷಕ್ಕೆ 5,000 ಹೊಲಿಗೆಯವರೆಗೆ ಓಡಬಲ್ಲದು, ಆದರೆ ಮಧ್ಯಾಹ್ನ ಕರೆಂಟು ಹೋಗುವ ಊರಲ್ಲಿ ಅದು ಮೇಜಿನಂತೆ ನಿಲ್ಲುತ್ತದೆ. ಅಲ್ಲಿ ಕಾಲಿನಿಂದ ತುಳಿಯುವ ಕಪ್ಪು ಮಷೀನೇ ಕೈಬಿಡದ ಗೆಳತಿ. ಕರೆಂಟಿನದೇ ಬೇಕಾದರೆ ಕ್ಲಚ್ ಮೋಟರಿನ ಬದಲು ಸರ್ವೋ ಮೋಟರು ಕೇಳಬೇಕು. ಕ್ಲಚ್ ಮೋಟರು ನಾವು ಹೊಲಿಯದೆ ಸುಮ್ಮನೆ ಕೂತಾಗಲೂ ತಿರುಗುತ್ತಲೇ ಇರುತ್ತದೆ, ಸರ್ವೋ ಮೋಟರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ತಿಂಗಳ ಬಿಲ್ಲಿನಲ್ಲಿ ಅದು ಕಾಣುತ್ತದೆ.

ಕಾರ್ಖಾನೆಯ ಮಾತು ಈಗ ನಮ್ಮ ಊರಿನಲ್ಲಿ ಹೆಚ್ಚಾಗಿದೆ. ಮಾರ್ಚ್ 2023ರಲ್ಲಿ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕುಗಳನ್ನು ಘೋಷಿಸಿದಾಗ ಅವುಗಳಲ್ಲಿ ಕಲಬುರಗಿಯೂ ಒಂದಾಗಿತ್ತು; ಅದಕ್ಕೆ 1,000 ಎಕರೆ ಜಾಗ ಗೊತ್ತುಮಾಡಲಾಗಿದೆ. ಜವಳಿ ನಮ್ಮ ಊರಿಗೆ ಹೊಸದಲ್ಲ. ಎಂ.ಎಸ್.ಕೆ. ಮಿಲ್ ಎಂಬ ಹೆಸರು ಮಿಲ್ ಮುಚ್ಚಿದ ಎಷ್ಟೋ ವರ್ಷಗಳ ನಂತರವೂ ಆಟೋದವರ ಬಾಯಲ್ಲಿ ಉಳಿದಿದೆ. ಆದರೆ ಹುಡುಗಿಯರು ತಿಳಿದುಕೊಳ್ಳಬೇಕಾದ್ದು ಏನೆಂದರೆ, ಕಾರ್ಖಾನೆಯ ಆಪರೇಟರ್ ಬೇರೆ, ಓಣಿಯ ಟೈಲರ್ ಬೇರೆ. ಕಾರ್ಖಾನೆಯಲ್ಲಿ ಒಂದು ಶರ್ಟು ಹತ್ತಾರು ಕೈಗಳ ಮೂಲಕ ಹಾದುಹೋಗುತ್ತದೆ. ಕಾಲರ್ ಕೂಡಿಸುವವಳು ದಿನವಿಡೀ ಕಾಲರನ್ನೇ ಕೂಡಿಸುತ್ತಾಳೆ, ಒಂದು ಕಾಲರಿಗೆ ಎಷ್ಟು ಸೆಕೆಂಡು ಎಂಬ ಲೆಕ್ಕ ಮೇಲ್ವಿಚಾರಕನ ಹತ್ತಿರ ಇರುತ್ತದೆ. ಸಂಬಳ, ಪಿಎಫ್, ಇಎಸ್‌ಐ ಸಿಗುವ ಆ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್‌ಗೆ ಹೋದ ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರು ಬಾಡಿಗೆ, ಊಟದ ಖರ್ಚು ತಾಳಲಾರದೆ ಆರು ತಿಂಗಳಿಗೆ ಮರಳಿ ಬಂದರು; ಅದೇ ಕೆಲಸ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಸಿಕ್ಕರೆ ನಿಲ್ಲುತ್ತಿದ್ದರು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಗುಳೆ ಹೋಗುವ ನಮ್ಮ ಜಿಲ್ಲೆಗಳಿಗೆ ಅದು ಸಣ್ಣ ಮಾತಲ್ಲ. ಆದರೆ ಆರು ವರ್ಷ ಕಾಲರ್ ಕೂಡಿಸಿ ಊರಿಗೆ ಬಂದವಳಿಗೆ ಒಂದು ಇಡೀ ಜಂಪರ್ ಕತ್ತರಿಸಲು ಬರುವುದಿಲ್ಲ. ಎರಡೂ ಕಲಿಸುವ ತರಬೇತಿ, ಅಂದರೆ ಮೊದಲು ಇಡೀ ಬಟ್ಟೆ, ಆಮೇಲೆ ವೇಗ, ಇದು ಆ ಪಾರ್ಕು ಎದ್ದು ನಿಲ್ಲುವ ಮೊದಲೇ ಶುರುವಾದರೆ ಒಳ್ಳೆಯದು. ಪ್ಯಾಟರ್ನ್ ತೆಗೆಯುವವರು, ಕಂಪ್ಯೂಟರಿನ ಮೇಲೆ ಅಳತೆಗಳನ್ನು ಹಿಗ್ಗಿಸಿ ಕುಗ್ಗಿಸುವವರು, ತಪಾಸಣೆ ಮಾಡುವವರು ಹೊರಗಿನಿಂದ ಬಂದು, ನಮ್ಮ ಮಕ್ಕಳು ಕಾಲರಿನಲ್ಲೇ ಉಳಿಯಬಾರದು.

ಬಸ್ಸಿನ ಮಾತು ಬಂದದ್ದರಿಂದ ಒಂದು ವಿಷಯ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ನನ್ನ ತಂಡಗಳ ಮುಖವೇ ಬದಲಾಯಿತು. ಮೊದಲು ಊರಿನ ಓಣಿಗಳವರೇ ಹೆಚ್ಚಿದ್ದರು. ಈಗ ಆಳಂದ, ಚಿತ್ತಾಪುರ, ಕಮಲಾಪುರದ ಹಳ್ಳಿಗಳಿಂದ ದಿನವೂ ಬಂದು ಹೋಗುತ್ತಾರೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಕೂಡಿಸಿಟ್ಟು ಮಷೀನು ಕೊಂಡ ಇಬ್ಬರು ಅತ್ತೆಯಂದಿರನ್ನು ನಾನು ಬಲ್ಲೆ, ಇಬ್ಬರೂ ಕೊಂಡದ್ದು ಸೊಸೆಗಾಗಿ.

ಸೇಡಂ ಕಡೆಯ ಆ ಹುಡುಗಿ ಹೇಳಿದ ದಿನವೇ ಹನ್ನೊಂದರ ಬಸ್ಸಿಗೆ ಬಂದಳು. ಮಷೀನಿನ ಮೇಲ್ಭಾಗವನ್ನು ಗೋಣಿಚೀಲದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದಳು. ನನ್ನ ಸ್ಟ್ಯಾಂಡಿಗೆ ಕೂಡಿಸಿ ಒಂದು ಸಾಲು ಓಡಿಸಿದೆ. ನಾಲ್ಕು ಹೊಲಿಗೆಗೆ ಒಂದು ಬಿಡುತ್ತಿತ್ತು. ಬಗ್ಗಿ ನೋಡಿದರೆ ಸೂಜಿ ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತಿತ್ತು. ಮನೆಯ ಮಷೀನಿನ ಸೂಜಿಯ ತಲೆಗೆ ಒಂದು ಚಪ್ಪಟೆ ಬದಿ ಇರುತ್ತದೆ. ಅದು ಇರಬೇಕಾದ ಕಡೆಗೆ ಇರದಿದ್ದರೆ ಕೆಳಗಿನ ಕೊಕ್ಕೆಗೆ ದಾರದ ಕುಣಿಕೆ ಸರಿಯಾಗಿ ಸಿಗುವುದಿಲ್ಲ. ಹಳೆಯ ಸೂಜಿ ಮುರಿದಾಗ ಗಂಡ ಹೊಸದನ್ನು ಹಾಕಿಕೊಟ್ಟಿದ್ದನಂತೆ. ಹದಿನಾಲ್ಕನೆಯ ನಂಬರಿನ ಹೊಸ ಸೂಜಿಯನ್ನು ಸರಿಯಾದ ಮಗ್ಗುಲಿಗೆ ಕೂಡಿಸಿ, ಕೆಳದಾರ ಕೂರುವ ಬಾಬಿನ್ ಕೇಸಿನಲ್ಲಿ ಸಿಕ್ಕಿಕೊಂಡಿದ್ದ ಅರಳೆಯನ್ನು ತೆಗೆದು, ಎರಡು ಹನಿ ಎಣ್ಣೆ ಬಿಟ್ಟೆ. ಮಷೀನಿಗೆ ಆದದ್ದು ಅಷ್ಟೇ.

"ಜಂಪರಿಗೆ ಎಷ್ಟು ತಗೋತಿದ್ದಿ?" ಎಂದು ಕೇಳಿದೆ.

"ನೂರಾ ಇಪ್ಪತ್ತರಿ ಅಕ್ಕೋರೆ."

"ಅಸ್ತರ ಯಾರದು?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೇರಿ" ಎಂದಳು.

ಆ ದಿನ ಸಂಜೆಯ ಬಸ್ಸಿನವರೆಗೂ ನಾವಿಬ್ಬರೂ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಅಸ್ತರು ಗಿರಾಕಿಯದೇ ಆದರೆ ಎಷ್ಟು, ನಮ್ಮದಾದರೆ ಎಷ್ಟು, ಸೀರೆಯ ಅಂಚಿನ ಫಾಲ್ ಮತ್ತು ಪಿಕೋಗೆ ಎಷ್ಟು, ಹುಡುಗರ ಅಂಗಿಯ ಕಾಲರು ಬದಲಿಸಲು ಎಷ್ಟು ಎಂದು ಆಕೆಯೇ ಬರೆದಳು. ಊರಿನ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿದರೆ ಬಾಯಲ್ಲೇ ಹೇಳಿದಳು, ಆದರೆ ಸಮವಸ್ತ್ರದ ಅಂಗಿ ಹೊಲಿಯಲು ಬರುವುದಿಲ್ಲ ಎಂದಳು. ತರಬೇತಿಯಲ್ಲಿ ಜಂಪರು, ಚೂಡಿದಾರ ಎರಡೇ ಆಗಿದ್ದವು. ಅದು ನನ್ನ ತಂಡವೇ ಆಗಿತ್ತಾದ್ದರಿಂದ ನಾನು ಮಾತು ಮುಂದುವರಿಸಲಿಲ್ಲ. ಮಷೀನನ್ನು ಹದಿನೈದು ದಿನ ಅಂಗಡಿಯಲ್ಲೇ ಇಡು, ವಾರಕ್ಕೆ ಮೂರು ದಿನ ಬಾ, ಅಂಗಿ ಕಲಿತು ಆಮೇಲೆ ಮಾರುವುದಾದರೆ ಮಾರು ಎಂದೆ.

ನಾಲ್ಕು ಸಲ ಬಂದಿದ್ದಾಳೆ. ಅಂಗಿಯ ಕಾಲರು ಇನ್ನೂ ಎಡಗಡೆ ಸ್ವಲ್ಪ ಮೇಲೇಳುತ್ತದೆ. ಮೊನ್ನೆ ಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು: ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ ರಟ್ಟು, ಅದರ ಮೇಲೆ 120 ಎಂದಿದ್ದ ಕಡೆ ಸುಣ್ಣ ಬಳಿದು 250 ಎಂದು ಬರೆದಿತ್ತು, ಅಸ್ತರು ಗಿರಾಕಿಯದು ಎಂದು ಕೆಳಗೆ ಬೇರೆ ಬಣ್ಣದಲ್ಲಿ. ಓದಿದ ಮೊದಲನೆಯವಳು ಬಟ್ಟೆ ವಾಪಸು ತೆಗೆದುಕೊಂಡು ಹೋದಳಂತೆ. ಎರಡನೆಯವಳು ನಿಂತು ಎರಡು ಸಲ ಓದಿ, ಅಸ್ತರು ಎಷ್ಟು ಮೀಟರ್ ತರಬೇಕು ಎಂದು ಕೇಳಿ ಹೋದಳಂತೆ. "ನೆನಸಿ ತರ್ಬೇಕಂತ ಹೇಳ್ದಿ?" ಎಂದು ನಾನು ಕೇಳಿದೆ. ನೆನಸುವುದು ತನ್ನ ಕೆಲಸ, ಅದರ ದುಡ್ಡೂ ರಟ್ಟಿನ ಲೆಕ್ಕದಲ್ಲಿ ಸೇರಿದೆ ಎಂದಳು.